ಮೈಸೂರಿನಿಂದ ಕಡಲಿಗೆ: ಗಂಡ-ಹೆಂಡತಿ ಸ್ವಂತ ದೋಣಿಯಲ್ಲಿ ಕರಾವಳಿ ಸುತ್ತಲು ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದ ಕಡೆಯವರಿಗೆ ನೀರು ಅಂದರೆ ಕಾವೇರಿ. ಕಡಲು ಅಂದರೆ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ಆದರೂ ಇತ್ತೀಚೆಗೆ ನಿವೃತ್ತಿ ಹತ್ತಿರ ಬಂದ ಜೋಡಿಗಳು, ಲ್ಯಾಪ್‌ಟಾಪಿನಲ್ಲೇ ಕೆಲಸ ಮಾಡುವ ಜೋಡಿಗಳು ಒಂದು ಪ್ರಶ್ನೆ ಕೇಳುತ್ತಾರೆ: ಒಂದು ದೋಣಿ ಕೊಂಡು ಮಂಗಳೂರಿನಿಂದ ಕಾರವಾರದವರೆಗೆ, ಆಮೇಲೆ ಗೋವಾದವರೆಗೆ ನಿಧಾನವಾಗಿ ಸುತ್ತುತ್ತಾ ಅದರಲ್ಲೇ ಕೆಲವು ತಿಂಗಳು ಇರಬಹುದಾ?

ಇರಬಹುದು. ಕರ್ನಾಟಕದ ಕರಾವಳಿ ಸುಮಾರು 320 ಕಿ.ಮೀ. ಸಮುದ್ರದ ಮೇಲೆ ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 120 ನಾಟಿಕಲ್ ಮೈಲಿ. 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ ವೇಗದ ಸಣ್ಣ ಹಾಯಿದೋಣಿಗೆ ಇದು 24 ಗಂಟೆಯ ದಾರಿ. ದಿನಕ್ಕೆ ಒಂದು ಬಂದರು ಅಂತ ಹೋದರೆ ಆರು ಹಂತ. ದೂರ ದೊಡ್ಡದಲ್ಲ. ಕಷ್ಟ ಇರುವುದು ಬೇರೆ ಕಡೆ.

ಶುರುವಿನಲ್ಲೇ ಒಂದು ಮಾತು. ಒಬ್ಬರು ಕ್ಯಾಪ್ಟನ್, ಇನ್ನೊಬ್ಬರು ಅಡುಗೆಮನೆ ಮತ್ತು ಫೋಟೋ ಅನ್ನುವ ಹಂಚಿಕೆ ದೋಣಿಯಲ್ಲಿ ನಡೆಯುವುದಿಲ್ಲ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನೀರಿಗೆ ಬಿದ್ದರೆ, ಅಥವಾ ಜ್ವರ ಬಂದು ಮಲಗಿದರೆ, ಉಳಿದವರೇ ಇಡೀ ಸಿಬ್ಬಂದಿ. ಇಬ್ಬರಲ್ಲಿ ಯಾರೊಬ್ಬರೇ ಆದರೂ ದೋಣಿಯನ್ನು ದಡಕ್ಕೆ ತರುವಂತಿರಬೇಕು. ಕೆಳಗೆ ಹೇಳುವ ಎಲ್ಲವೂ ಈ ಒಂದು ಷರತ್ತಿನ ಮೇಲೆ ನಿಂತಿದೆ.

ಹೆಜ್ಜೆ 1: ಮೊದಲು ಕ್ಯಾಲೆಂಡರ್, ಆಮೇಲೆ ದೋಣಿ

ಅರಬ್ಬಿ ಸಮುದ್ರ ವರ್ಷವಿಡೀ ನಮಗೆ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುತ್ತದೆ. ಅನುಭವಿ ಮೊಗವೀರರೇ ಬೋಟು ಕಟ್ಟಿಹಾಕಿದಾಗ ನಮಗೆ ಅಲ್ಲಿ ಏನು ಕೆಲಸ, ಅಲ್ವಾ? ನೂಲ ಹುಣ್ಣಿಮೆಗೆ ಅವರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುತ್ತಾರೆ. ಅಲ್ಲಿಂದ ಅವರ ಹಂಗಾಮು ಶುರುವಾದರೂ ನಮ್ಮದು ಶುರುವಾಗುವುದಿಲ್ಲ.

ಅಕ್ಟೋಬರ್, ನವೆಂಬರ್ ಮತ್ತು ಮೇ ಚಂಡಮಾರುತದ ತಿಂಗಳುಗಳು. 2017ರ ನವೆಂಬರ್ ಕೊನೆಯಲ್ಲಿ ಒಖಿ, 2019ರ ಅಕ್ಟೋಬರಿನಲ್ಲಿ ಕ್ಯಾರ್, 2021ರ ಮೇನಲ್ಲಿ ತೌಕ್ತೆ. ಹಾಗಾಗಿ ಹೊಸಬರಿಗೆ ನಿಜವಾದ ಕಾಲ ಡಿಸೆಂಬರ್‌ನಿಂದ ಮಾರ್ಚ್. ಏಪ್ರಿಲ್ ಪರವಾಗಿಲ್ಲ, ಸೆಕೆ ಜಾಸ್ತಿ. ಮೇ ಅಂದರೆ ದೋಣಿ ಎತ್ತಿಡುವ ತಿಂಗಳು.

ಅಂದರೆ ದಸರಾ ಮುಗಿಸಿ, ದೀಪಾವಳಿ ಮುಗಿಸಿ ಆರಾಮಾಗಿ ಹೊರಡಬಹುದು. ಮಳೆಗಾಲಕ್ಕೆ ಮನೆಗೆ ವಾಪಸ್. ಆದ್ದರಿಂದ ದೋಣಿಗಾಗಿ ಮೈಸೂರಿನ ಮನೆ ಮಾರಬೇಡಿ. ಮಾರಿ ಹೊರಡುವುದು ಕೇಳಲು ಚೆನ್ನಾಗಿರುತ್ತದೆ, ಜೂನ್‌ನಲ್ಲಿ ಇರಲು ಜಾಗ ಇರುವುದಿಲ್ಲ.

ಹೆಜ್ಜೆ 2: ಆಷಾಢದ ಗಾಳಿಯಲ್ಲಿ ಕನ್ನಂಬಾಡಿಯಲ್ಲಿ ಕಲಿಯಿರಿ

ಕಡಲು ಮುಚ್ಚಿರುವ ತಿಂಗಳಲ್ಲೇ ನಮ್ಮ ಕಡೆ ಗಾಳಿ ಬೀಸುತ್ತದೆ. ಇದು ಮೈಸೂರಿನವರಿಗೆ ಸಿಕ್ಕ ಅದೃಷ್ಟ. ಕೆ.ಆರ್.ಎಸ್. ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿ ಓಡಿಸುವ ಪರಿಪಾಠ ಇದೆ. ಕ್ಲಬ್ ಮೂಲಕವೇ ಹೋಗಿ. ಸುಮ್ನೆ ಒಂದು ದೋಣಿ ತಂದು ನೀರಿಗಿಳಿಸುವ ಹಾಗಿಲ್ಲ, ಅಣೆಕಟ್ಟಿನ ಹತ್ತಿರ ಹೋಗುವ ಹಾಗಂತೂ ಇಲ್ಲವೇ ಇಲ್ಲ.

ಲೇಸರ್, ಎಂಟರ್‌ಪ್ರೈಸ್ ಥರದ ಪುಟ್ಟ ದೋಣಿಯಿಂದಲೇ ಶುರು ಮಾಡಿ. ದೊಡ್ಡ ದೋಣಿ ತಪ್ಪನ್ನು ಮುಚ್ಚಿಡುತ್ತದೆ, ಪುಟ್ಟ ದೋಣಿ ಆ ಕ್ಷಣವೇ ಮಗುಚಿ ಹೇಳುತ್ತದೆ. ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಸಾಗುವುದು, ಗಾಳಿ ಬೆನ್ನಿಗಿದ್ದಾಗ ಹಾಯಿ ಬದಲಿಸುವುದು, ಗಾಳಿ ಜಾಸ್ತಿಯಾದರೆ ಹಾಯಿ ಕಿರಿದು ಮಾಡುವುದು, ಮಗುಚಿದ ದೋಣಿಯನ್ನು ನೀರಿನಲ್ಲಿದ್ದುಕೊಂಡೇ ಎಬ್ಬಿಸುವುದು: ಈ ನಾಲ್ಕು ಇಬ್ಬರಿಗೂ ಬರಬೇಕು. ಇಬ್ಬರೂ ಬೇರೆ ಬೇರೆ ದೋಣಿಯಲ್ಲಿ ಕಲಿಯುವುದು ಒಳ್ಳೆಯದು. ಒಂದೇ ದೋಣಿಯಲ್ಲಿದ್ದರೆ ಬೇಗ ಕಲಿತವರು ಚುಕ್ಕಾಣಿ ಬಿಡುವುದೇ ಇಲ್ಲ.

ಜಲಾಶಯದ ಪೂರ್ಣ ಮಟ್ಟ 124.80 ಅಡಿ. ಮಟ್ಟ ಇಳಿದಾಗ ಹಿನ್ನೀರಿನಲ್ಲಿ ಹಳೆಯ ಬುಡ, ಕಲ್ಲು ಮೇಲೆ ಬರುತ್ತವೆ. ಮುಳುಗಡೆಯಾದ ಊರಿನ ಮೇಲೆ ತೇಲುತ್ತಿದ್ದೀರಿ ಅನ್ನುವುದು ನೆನಪಿರಲಿ. ನೀರಿನ ಬಣ್ಣ ನೋಡಿ ಆಳ ಅಂದಾಜು ಮಾಡುವ ಅಭ್ಯಾಸ ಇಲ್ಲೇ ಆಗಲಿ, ಮುಂದೆ ಬೇಕಾಗುತ್ತದೆ.

ಕನ್ನಂಬಾಡಿ ಕಲಿಸದ ಸಂಗತಿಗಳೂ ಇವೆ. ಉಬ್ಬರ-ಇಳಿತ, ದೂರದಿಂದ ಬರುವ ಉದ್ದನೆಯ ಅಲೆ, ಉಪ್ಪು, ರಾತ್ರಿ, ಹಡಗು. ಇವನ್ನು ಗೋವಾ ಅಥವಾ ಮುಂಬೈಯಲ್ಲಿ, ಮಲಗಲು ಜಾಗವಿರುವ ದೊಡ್ಡ ಹಾಯಿದೋಣಿಯ ಕೋರ್ಸಿನಲ್ಲಿ ಕಲಿಯಿರಿ. ಇಬ್ಬರೂ ಪೂರ್ತಿ ಕೋರ್ಸ್ ಮುಗಿಸಿ. ಒಬ್ಬರಿಗೆ ಶುಲ್ಕ ಕಟ್ಟಿ ಇನ್ನೊಬ್ಬರಿಗೆ ಮನೆಯಲ್ಲಿ ಪಾಠ ಹೇಳುವ ಉಳಿತಾಯ ಬೇಡ.

ಇಬ್ಬರೇ ದೋಣಿ ನಡೆಸಬಹುದಾ ಅನ್ನುವ ಅನುಮಾನ ಇದ್ದರೆ: ನೌಕಾಪಡೆಯ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಕೆ. ಮತ್ತು ರೂಪಾ ಎ. 56 ಅಡಿಯ ತಾರಿಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಭೂಮಿ ಸುತ್ತಿ 2025ರ ಮೇ 29ರಂದು ವಾಪಸಾದರು. ಇಬ್ಬರೇ. ತಾರಿಣಿ ಗೋವಾದಲ್ಲೇ ಕಟ್ಟಿದ ದೋಣಿ. ಅವರ ತಯಾರಿಗೆ ವರ್ಷಗಳು ಹಿಡಿದವು ಅನ್ನುವುದನ್ನೂ ಜೊತೆಗೆ ನೆನಪಿಡಿ.

ಹೆಜ್ಜೆ 3: ದೋಣಿ ಆರಿಸುವುದು

ಈಗ ದೋಣಿ. ಇಬ್ಬರಿಗೆ 28ರಿಂದ 34 ಅಡಿ ಸಾಕು. ಅದಕ್ಕಿಂತ ದೊಡ್ಡದಾದರೆ ಹಾಯಿ, ಲಂಗರು ಎಲ್ಲವೂ ಭಾರವಾಗಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಫೈಬರ್ ಮೈ, ಒಳಗೇ ಕೂರಿಸಿದ ಡೀಸೆಲ್ ಎಂಜಿನ್, ಸುತ್ತಿಡಬಹುದಾದ ಮುಂದಿನ ಹಾಯಿ ಇರಲಿ.

ನಮ್ಮ ಕರಾವಳಿಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ ದೋಣಿ ನೀರಿನೊಳಗೆ ಎಷ್ಟು ಇಳಿಯುತ್ತದೆ ಅನ್ನುವುದು. ಇಲ್ಲಿನ ಬಹುತೇಕ ಆಶ್ರಯ ನದಿಗಳ ಒಳಗಿದೆ, ನದಿಯ ಬಾಯಲ್ಲಿ ಮರಳಿದೆ. 1.3 ಮೀಟರಿಗಿಂತ ಕಡಿಮೆ ಇಳಿಯುವ ದೋಣಿ ನೋಡಿ. ಯುರೋಪಿನ ಚಂದದ ರೇಸಿಂಗ್ ದೋಣಿ ಅಗ್ಗಕ್ಕೆ ಸಿಕ್ಕರೂ ಎರಡು ಮೀಟರ್ ಕೀಲ್ (ತಳದಿಂದ ಕೆಳಗಿಳಿಯುವ ಭಾರದ ರೆಕ್ಕೆ) ಇದ್ದರೆ ಬೇಡ. ಅದು ಗಂಗೊಳ್ಳಿಯಂಥ ನದಿಬಾಯಿಯ ಬಂದರಿನ ಹೊರಗೇ ನಿಲ್ಲಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ದೋಣಿಯಾದರೆ ನೀರಿನಿಂದ ಎತ್ತಿಸಿ, ದೋಣಿ ಪರೀಕ್ಷಿಸುವ ಸರ್ವೇಯರ್ ಕೈಯಲ್ಲಿ ನೋಡಿಸದೆ ಮುಂಗಡ ಕೊಡಬೇಡಿ. ಮೈಯಲ್ಲಿ ಗುಳ್ಳೆ ಎದ್ದಿದೆಯಾ, ಕೀಲ್ ಬೋಲ್ಟ್‌ನಿಂದ ತುಕ್ಕು ಒಸರಿದೆಯಾ, ಚುಕ್ಕಾಣಿ ಅಲುಗಾಡುತ್ತದಾ, ಕಂಬದ ತಂತಿಗಳಿಗೆ ವಯಸ್ಸೆಷ್ಟು ನೋಡಿ. ತಂತಿಗೆ ಹತ್ತು-ಹನ್ನೆರಡು ವರ್ಷ ದಾಟಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ದುಡ್ಡಿನ ವಿಷಯ. ಹೊಸ ಯಾಟ್‌ಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40 ಜಿ.ಎಸ್.ಟಿ. ಇದೆ. ದೋಣಿಯ ಬೆಲೆಯ ಹತ್ತನೇ ಒಂದು ಭಾಗ ಪ್ರತಿ ವರ್ಷ ರಿಪೇರಿ, ಬಣ್ಣ, ವಿಮೆ, ಕಟ್ಟುವ ಜಾಗಕ್ಕೆ ಹೋಗುತ್ತದೆ ಅಂತ ದೋಣಿಯವರ ಲೆಕ್ಕ. ಇರುವ ದುಡ್ಡನ್ನೆಲ್ಲ ಖರೀದಿಗೇ ಸುರಿದವರ ದೋಣಿ ಎರಡನೇ ವರ್ಷ ದಡದಲ್ಲೇ ಉಳಿಯುತ್ತದೆ.

ಹೆಜ್ಜೆ 4: ಕಾಗದಪತ್ರ

ಇದು ಬೇಸರದ ಕೆಲಸ, ಬೇಗ ಹೇಳಿಬಿಡುತ್ತೇನೆ. ದೋಣಿಗೆ ನೋಂದಣಿ, ವಿಮೆ ಬೇಕು. ಕರ್ನಾಟಕದ ಸಣ್ಣ ಬಂದರುಗಳು ಕರ್ನಾಟಕ ಜಲಸಾರಿಗೆ ಮಂಡಳಿಯ ಕೈಯಲ್ಲಿವೆ, ಮೊದಲು ಅಲ್ಲಿ ವಿಚಾರಿಸಿ. 2008ರ ಮುಂಬೈ ದಾಳಿಯ ನಂತರ ಕರಾವಳಿಯ ಕಾವಲು ಬಿಗಿಯಾಗಿದೆ. ಯಾವ ಬಂದರಿಗೆ ಹೋದರೂ ಬಂದರು ಕಚೇರಿಗೆ, ಕರಾವಳಿ ಕಾವಲು ಪೊಲೀಸರಿಗೆ ನೀವೇ ಹೋಗಿ ಹೇಳಿ. ಆಧಾರ್, ನೋಂದಣಿ ಪತ್ರದ ಪ್ರತಿಗಳು ನೀರು ತಾಗದ ಚೀಲದಲ್ಲಿ ಇಬ್ಬರ ಕೈಗೂ ಸಿಗುವಂತಿರಲಿ.

ಎರಡು ಎಚ್ಚರಿಕೆ. ವಿದೇಶದಿಂದ ಸ್ನೇಹಿತರು ತಂದುಕೊಡುವ ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೆಂಜರ್ ಇಟ್ಟುಕೊಳ್ಳಬೇಡಿ. ತುರಾಯಾ, ಇರಿಡಿಯಂ ಫೋನ್‌ಗಳನ್ನು ಅನುಮತಿ ಇಲ್ಲದೆ ಬಳಸುವುದು ನಮ್ಮ ದೇಶದಲ್ಲಿ ಅಪರಾಧ. ಹಾಗೆಯೇ ಬೇರೆ ದೋಣಿ, ದಡದ ಜೊತೆ ಮಾತಾಡುವ ವಿ.ಎಚ್.ಎಫ್. ರೇಡಿಯೋಗೂ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಅರ್ಜಿ ಬೇಗ ಹಾಕಿ.

ಹೆಜ್ಜೆ 5: ನೀರು, ಕರೆಂಟು, ಗ್ಯಾಸ್, ರೇಡಿಯೋ

ನೀರು: ಕುಡಿಯಲು, ಅಡುಗೆಗೆ, ಕೈಕಾಲಿಗೆ ಸೇರಿ ಒಬ್ಬರಿಗೆ ದಿನಕ್ಕೆ 10 ಲೀಟರ್ ಹಿಡಿಯಿರಿ. 200 ಲೀಟರ್ ಟ್ಯಾಂಕ್ ಇಬ್ಬರಿಗೆ ಹತ್ತು ದಿನ. ಪಾತ್ರೆಯನ್ನು ಕಡಲ ನೀರಿನಲ್ಲಿ ತೊಳೆದು ಕೊನೆಯಲ್ಲಿ ಒಂದು ಲೋಟ ಸಿಹಿನೀರು. ಟ್ಯಾಂಕ್ ಒಂದೇ ನಂಬಬೇಡಿ, ಎರಡು ಕ್ಯಾನ್ ಬೇರೆ ಇರಲಿ.

ಕರೆಂಟು: 300 ವಾಟ್ ಸೌರ ಫಲಕ ನಮ್ಮ ಚಳಿಗಾಲದ ಬಿಸಿಲಿನಲ್ಲಿ 12 ವೋಲ್ಟ್ ಬ್ಯಾಟರಿಗೆ ದಿನಕ್ಕೆ ಸುಮಾರು 80 ಆಂಪಿಯರ್-ಗಂಟೆ ತುಂಬುತ್ತದೆ. ಸಣ್ಣ ಫ್ರಿಜ್ ಒಂದೇ ಅದರಲ್ಲಿ ಅರ್ಧ ತಿನ್ನುತ್ತದೆ. ಉಳಿದದ್ದರಲ್ಲಿ ದೀಪ, ಫೋನ್, ಜಿ.ಪಿ.ಎಸ್. ಲ್ಯಾಪ್‌ಟಾಪ್ ಕೆಲಸವಿದ್ದರೆ ಫಲಕ ಹೆಚ್ಚಿಸಿ, ಅಥವಾ ಫ್ರಿಜ್ ಬಿಡಿ.

ಗ್ಯಾಸ್: ಎಲ್.ಪಿ.ಜಿ. ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಕಿಟಕಿ ಬಾಗಿಲು ತೆಗೆದು ಹೊರಗೆ ಬಿಡಬಹುದು. ದೋಣಿಯಲ್ಲಿ ಅದು ತಳಕ್ಕಿಳಿದು ಅಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಸಿಲಿಂಡರ್ ಹೊರಗಡೆ, ತಳದಲ್ಲಿ ಹೊರಕ್ಕೆ ತೂತಿರುವ ಪೆಟ್ಟಿಗೆಯಲ್ಲಿರಬೇಕು. ಒಲೆ ಆರಿಸಿದ ಮೇಲೆ ಸಿಲಿಂಡರಿನ ವಾಲ್ವನ್ನೂ ಮುಚ್ಚಬೇಕು, ಪ್ರತಿ ಸಲ.

ಸಂಪರ್ಕ: ವಿ.ಎಚ್.ಎಫ್. ಚಾನೆಲ್ 16 ಅಪಾಯದ ಕರೆಗೆ, ಸದಾ ಕಿವಿ ಅದರ ಮೇಲಿರಲಿ. ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಪೊಲೀಸ್ 1093. ಎರಡನ್ನೂ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಜಿ.ಪಿ.ಎಸ್. ಅಂಕಿ ಓದಿ ಹೇಳುವುದು ಇಬ್ಬರಿಗೂ ಬಾಯಿಪಾಠವಾಗಿರಬೇಕು. ಲೈಫ್ ಜಾಕೆಟ್‌ಗೆ ದೋಣಿಗೆ ಸಿಕ್ಕಿಸುವ ಹಗ್ಗ ಇರಲಿ. ಕತ್ತಲಾದರೆ, ಅಥವಾ ಒಬ್ಬರೇ ಮೇಲಿದ್ದರೆ, ಸಿಕ್ಕಿಸಿಕೊಳ್ಳದೆ ಕೂರುವುದು ಬೇಡ.

ಹೆಜ್ಜೆ 6: ಬಿದ್ದವರನ್ನು ಎತ್ತುವ ಅಭ್ಯಾಸ

ಊರಿಂದೂರಿಗೆ ಹೊರಡುವ ಮೊದಲು ಇದನ್ನು ಬಂದರಿನ ಒಳಗೇ ಮಾಡಿ. ಖಾಲಿ ಕ್ಯಾನಿಗೆ ಒಂದು ಹಳೆ ಅಂಗಿ ತೊಡಿಸಿ ನೀರಿಗೆಸೆಯಿರಿ. ಒಬ್ಬರು ಬಾಯಿ ಮುಚ್ಚಿಕೊಂಡು ಕೂರಬೇಕು, ಕೈ ಹಾಕುವ ಹಾಗಿಲ್ಲ. ಇನ್ನೊಬ್ಬರು ದೋಣಿ ತಿರುಗಿಸಿ, ಹಾಯಿ ಇಳಿಸಿ, ಎಂಜಿನ್ ನ್ಯೂಟ್ರಲ್ ಮಾಡಿ ಕ್ಯಾನಿನ ಪಕ್ಕ ಬಂದು ನಿಲ್ಲಬೇಕು. ಆಮೇಲೆ ಅದಲು ಬದಲು.

ಅದಕ್ಕಿಂತ ಕಷ್ಟ ಎತ್ತುವುದು. ಒದ್ದೆ ಬಟ್ಟೆಯ 75 ಕೆ.ಜಿ. ಗಂಡನನ್ನು 55 ಕೆ.ಜಿ. ಹೆಂಡತಿ ಕೈಯಿಂದ ಎಳೆದುಕೊಳ್ಳಲಾರಳು. ಹಾಯಿ ಏರಿಸುವ ಹಗ್ಗಕ್ಕೆ ರಾಟೆ ಸೇರಿಸಿ, ವಿಂಚ್‌ನಿಂದ (ಹಗ್ಗ ಸುತ್ತಿ ಎಳೆಯುವ ಉರುಳೆ) ಎತ್ತುವ ಏರ್ಪಾಡು ಸಿದ್ಧವಿರಬೇಕು. ನೀರಿನವರೆಗೆ ಇಳಿಯುವ ಏಣಿ ಇರಲಿ. ಲಂಗರು ಹಾಕಿದಾಗ ಒಬ್ಬರು ನಿಜವಾಗಿ ನೀರಿಗಿಳಿದು ಇದನ್ನೊಮ್ಮೆ ಮಾಡಿ ನೋಡಿ. ಎತ್ತಲಾಗದಿದ್ದರೆ ಇನ್ನೂ ಹೊರಡುವ ಸಮಯ ಬಂದಿಲ್ಲ.

ಹೆಜ್ಜೆ 7: ಗಾಳಿಯ ದಿನಚರಿ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಕರಾವಳಿಯ ಗಾಳಿಗೆ ಒಂದು ಕ್ರಮ ಇದೆ. ರಾತ್ರಿ ನೆಲ ತಣ್ಣಗಾಗುತ್ತದೆ, ಬೆಳಗಿನ ಜಾವ ಘಟ್ಟದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ. ಹನ್ನೊಂದರ ಹೊತ್ತಿಗೆ ಅದು ಸತ್ತುಹೋಗುತ್ತದೆ. ಮಧ್ಯಾಹ್ನ ವಾಯವ್ಯದಿಂದ 10-15 ನಾಟ್ ಕಡಲ ಗಾಳಿ ಏಳುತ್ತದೆ, ಸಂಜೆಗೆ ಇಳಿಯುತ್ತದೆ.

ಉತ್ತರಕ್ಕೆ ಹೋಗುವಾಗ ವಾಯವ್ಯದ ಗಾಳಿ ನೇರ ಮುಖಕ್ಕೆ. ಅದಕ್ಕೇ ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ ಒಂದರೊಳಗೆ ಮುಗಿಸಿ. ದಕ್ಷಿಣಕ್ಕೆ ವಾಪಸ್ ಬರುವಾಗ ಉಲ್ಟಾ, ಅದೇ ಗಾಳಿ ಬೆನ್ನಿಗೆ. ತಿಂಡಿ ತಿಂದು ನಿಧಾನವಾಗಿ ಹೊರಡಬಹುದು.

ಪ್ರತಿ ಸಂಜೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಕಡಲ ಮುನ್ಸೂಚನೆ ನೋಡಿ. ಅಲೆ ಒಂದೂವರೆ ಮೀಟರ್ ದಾಟಿದರೆ ಅಥವಾ ಗಾಳಿ 20 ನಾಟ್ ಆದರೆ ಹೊಸಬರಿಗೆ ಅಂದು ರಜೆ. ಏಪ್ರಿಲ್-ಮೇನಲ್ಲಿ 'ಕಳ್ಳಕ್ಕಡಲ್' ಎಚ್ಚರಿಕೆ ಬರುವುದುಂಟು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಉದ್ದಲೆಗಳು ದಿನಗಟ್ಟಲೆ ಪಯಣಿಸಿ ನಮ್ಮ ದಡಕ್ಕೆ ಬಡಿಯುತ್ತವೆ. ಇಲ್ಲಿ ಆಕಾಶ ಶುಭ್ರವಾಗಿರುತ್ತದೆ, ಗಾಳಿಯೂ ಇರುವುದಿಲ್ಲ. ಕಣ್ಣನ್ನಲ್ಲ, ಮುನ್ಸೂಚನೆಯನ್ನು ನಂಬಿ.

ರಾತ್ರಿ ಪಯಣ ಮೊದಲ ವರ್ಷ ಬೇಡ. ಬಲೆ ಬಿಟ್ಟು ದೀಪ ಆರಿಸಿ ಮಲಗಿದ ನಾಡದೋಣಿಗಳು ಇರುತ್ತವೆ. ಹಗಲಲ್ಲೂ ಬಲೆ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎಂಜಿನ್ ಪೂರ್ತಿ ಆರಿಸಿ, ಕೀ ಜೇಬಿಗೆ ಹಾಕಿಕೊಂಡ ಮೇಲೇ ಚಾಕು ಹಿಡಿದು ಇಳಿಯಿರಿ.

ಹೆಜ್ಜೆ 8: ಅಳಿವೆ ಬಾಗಿಲು

ಇಡೀ ಪ್ರಯಾಣದಲ್ಲಿ ಅತಿ ಅಪಾಯದ ಜಾಗ ನಡುಗಡಲಲ್ಲ, ನದಿ ಕಡಲು ಸೇರುವ ಅಳಿವೆ ಬಾಗಿಲು. ಮಂಗಳೂರಿನಲ್ಲಿ ನೇತ್ರಾವತಿ-ಗುರುಪುರ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ. ಪ್ರತಿ ಮಳೆಗಾಲವೂ ಇಲ್ಲಿನ ಮರಳು ಜಾಗ ಬದಲಿಸುತ್ತದೆ. ಹೋದ ವರ್ಷದ ಜಿ.ಪಿ.ಎಸ್. ಗೆರೆ ಈ ವರ್ಷ ನಿಮ್ಮನ್ನು ದಿಬ್ಬದ ಮೇಲೆ ಕೂರಿಸಬಹುದು. ಹೊನ್ನಾವರ, ಗಂಗೊಳ್ಳಿಯಲ್ಲಿ ಹೂಳಿನ ಕಾಟ ಮೀನುಗಾರರಿಗೇ ತಲೆನೋವು.

ನಿಯಮ ಹೀಗೆ. ಒಳಗೆ ಹೋಗುವುದು ನೀರು ಏರುತ್ತಿರುವಾಗ, ಪೂರ್ಣ ಉಬ್ಬರಕ್ಕೆ ಒಂದೆರಡು ಗಂಟೆ ಮುಂಚೆ. ತಳ ತಾಗಿದರೂ ಏರುವ ನೀರು ಎತ್ತಿಬಿಡುತ್ತದೆ. ಇಳಿತದಲ್ಲಿ ತಾಗಿದರೆ ದೋಣಿ ವಾಲಿ ಮಲಗುತ್ತದೆ. ಅದಕ್ಕಿಂತ ಕೆಟ್ಟದ್ದು, ಇಳಿತದಲ್ಲಿ ಹೊರಗೆ ನುಗ್ಗುವ ನದಿ ಒಳಗೆ ಬರುವ ಅಲೆಗೆ ಎದುರಾದಾಗ ಅಲೆ ಕಡಿದಾಗಿ ಎದ್ದು ಒಡೆಯುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಪಟ್ಟಿ ನೋಡಿಯೇ ಹೊರಡುವ ಸಮಯ ಲೆಕ್ಕ ಹಾಕಿ.

ಕಡಲ ಕಡೆಯಿಂದ ನೋಡುವಾಗ ಒಡೆಯುವ ಅಲೆಯ ಬೆನ್ನು ಮಾತ್ರ ಕಾಣುತ್ತದೆ. ಇರುವುದಕ್ಕಿಂತ ಸಣ್ಣದು ಅನ್ನಿಸುತ್ತದೆ. ಹತ್ತು ನಿಮಿಷ ಹೊರಗೇ ನಿಂತು ನೋಡಿ. ನಿಮ್ಮಷ್ಟೇ ಅಥವಾ ನಿಮಗಿಂತ ಜಾಸ್ತಿ ಆಳ ಇಳಿಯುವ ಟ್ರಾಲ್ ಬೋಟು ಒಳಗೆ ಹೋಗುತ್ತಿದ್ದರೆ ಅದರ ದಾರಿ ಹಿಡಿಯಿರಿ. ಹಿಂದಿನ ದಿನವೇ ಬೋಟು ನಿಲ್ಲುವ ದಕ್ಕೆಯಲ್ಲಿ ಮೀನುಗಾರರನ್ನು ಕೇಳಿಡುವುದು ಇನ್ನೂ ಒಳ್ಳೆಯದು. ನಮ್ಮ ಮೈಸೂರು ಕನ್ನಡ ಕೇಳಿದರೆ ಅವರು ನಗುತ್ತಾರೆ, ಆದರೆ ದಾರಿ ಸರಿಯಾಗಿ ಹೇಳುತ್ತಾರೆ.

ನುಗ್ಗುವ ಮೊದಲು ಬಾಗಿಲು, ಕಿಟಕಿ ಮುಚ್ಚಿ. ಜಾಕೆಟ್ ಹಾಕಿಕೊಳ್ಳಿ. ಎಂಜಿನ್ ಬಿಸಿಯಾಗಿರಲಿ, ಲಂಗರು ಕೈಗೆ ಸಿಗುವಂತಿರಲಿ. ಒಳಗೆ ಹೋಗುವಾಗ ಒಂದು ಅಲೆಯ ಬೆನ್ನ ಮೇಲೆ ಕೂತ ಹಾಗೆ ವೇಗ ಇಟ್ಟುಕೊಳ್ಳಿ, ಅದನ್ನು ದಾಟಬೇಡಿ. ಮಧ್ಯದಲ್ಲಿ ಮನಸ್ಸು ಬದಲಿಸಿ ತಿರುಗಿಸಬೇಡಿ, ಅಡ್ಡ ನಿಂತ ದೋಣಿಯನ್ನು ಅಲೆ ಮಗುಚುತ್ತದೆ. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ಸಾಕು, ಅಂದು ಒಳಗೆ ಹೋಗುವುದಿಲ್ಲ. ವಾದ ಇಲ್ಲ.

ಹೆಜ್ಜೆ 9: ದಾರಿ

ನಕ್ಷೆಯಲ್ಲಿ ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, 1852 ಮೀಟರ್. ನಮ್ಮ ಕರಾವಳಿ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾದ್ದರಿಂದ ದೂರದ ಲೆಕ್ಕ ಬೆರಳಲ್ಲೇ ಆಗುತ್ತದೆ.

ಮಂಗಳೂರು-ಮಲ್ಪೆ ಸುಮಾರು 30 ನಾಟಿಕಲ್ ಮೈಲಿ, ಕಾರವಾರದವರೆಗಿನ ಆರರಲ್ಲಿ ಅತಿ ಉದ್ದದ ಹಂತ. ಪಣಂಬೂರಿನ ಹೊರಗೆ ದೊಡ್ಡ ಹಡಗುಗಳು ಲಂಗರು ಹಾಕಿರುತ್ತವೆ, ಬಂದರಿನ ದಾರಿಯನ್ನು ನೇರವಾಗಿ, ಬೇಗ ದಾಟಿ. ಮುಂದೆ 1901ರ ಕಾಪು ದೀಪಸ್ತಂಭ ಒಳ್ಳೆಯ ಗುರುತು. ಮಲ್ಪೆಯಲ್ಲಿ ಡೀಸೆಲ್, ಐಸ್, ಮೆಕ್ಯಾನಿಕ್ ಎಲ್ಲ ಸಿಗುತ್ತದೆ, ಮಣಿಪಾಲದ ಆಸ್ಪತ್ರೆಯೂ ಹತ್ತಿರ. ಮೊದಲ ತಿಂಗಳು ಮಲ್ಪೆಯನ್ನೇ ನೆಲೆ ಮಾಡಿಕೊಂಡು ಸೇಂಟ್ ಮೇರೀಸ್ ದ್ವೀಪದ ಸುತ್ತ ಓಡಾಡಿ ಅನ್ನುವುದು ನನ್ನ ಸಲಹೆ.

ಮಲ್ಪೆ-ಗಂಗೊಳ್ಳಿ, ಗಂಗೊಳ್ಳಿ-ಭಟ್ಕಳ, ಭಟ್ಕಳ-ಹೊನ್ನಾವರ, ಪ್ರತಿಯೊಂದೂ 20 ಮೈಲಿಯ ಆಸುಪಾಸು, ನಾಲ್ಕು ಗಂಟೆ. ಭಟ್ಕಳ ದಾಟುತ್ತಲೇ ಮುರುಡೇಶ್ವರದ 123 ಅಡಿಯ ಶಿವ ಮತ್ತು ಗೋಪುರ ಬಹಳ ದೂರದಿಂದ ಕಾಣುತ್ತವೆ. ಅದಕ್ಕಿಂತ ಒಳ್ಳೆಯ ದಿಕ್ಸೂಚಿ ಗುರುತು ಈ ಕರಾವಳಿಯಲ್ಲಿಲ್ಲ. ನೇತ್ರಾಣಿಯಲ್ಲಿ ಹವಳ ಇದೆ, ಅದರ ಮೇಲೆ ಲಂಗರು ಬೀಳಿಸಬೇಡಿ. ಆ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು, ಕೇಳಿಕೊಂಡೇ ಹತ್ತಿರ ಹೋಗಿ.

ಹೊನ್ನಾವರ-ತದಡಿ ಸುಮಾರು 15 ಮೈಲಿ, ತದಡಿ-ಕಾರವಾರ 20. ಕಾರವಾರದ ಕೊಲ್ಲಿಯಲ್ಲಿ ಅಳಿವೆಯ ಕಾಟವಿಲ್ಲದೆ ಆಶ್ರಯ ಸಿಗುತ್ತದೆ. ಆದರೆ ಅದಕ್ಕೂ ಮೊದಲು ಐ.ಎನ್.ಎಸ್. ಕದಂಬ ನೌಕಾನೆಲೆ ಬರುತ್ತದೆ. ಅದರಿಂದ ದೂರ ಉಳಿಯಿರಿ, ಕ್ಯಾಮೆರಾ ಒಳಗಿಡಿ. ಕಾರವಾರದಿಂದ ಗೋವಾದ ಮುರ್ಮಗೋವಾ ಸುಮಾರು 40 ಮೈಲಿ. ಯಾಟ್‌ಗಳಿಗೆಂದೇ ಕಟ್ಟಿದ ಮರೀನಾ ಬೇಕಿದ್ದರೆ ದಕ್ಷಿಣಕ್ಕೆ ಕೊಚ್ಚಿಯ ಬೋಲ್ಗಾಟಿ ದ್ವೀಪಕ್ಕೆ ಹೋಗಬೇಕು.

ಹೆಜ್ಜೆ 10: ಲಂಗರು, ಅಡುಗೆ, ಜಗಳ

ಲಂಗರಿನ ಲೆಕ್ಕ: ನೀರು 4 ಮೀಟರ್, ದೋಣಿಯ ಮೂತಿ ನೀರಿನಿಂದ 1 ಮೀಟರ್ ಮೇಲೆ, ಉಬ್ಬರ ಇನ್ನೂ ಒಂದೂವರೆ ಏರಲಿದೆ. ಒಟ್ಟು ಆರೂವರೆ. ಇದರ ಐದು ಪಟ್ಟು, ಸುಮಾರು 33 ಮೀಟರ್ ಸರಪಳಿ ಬಿಡಿ. ಹಗ್ಗವೇ ಜಾಸ್ತಿಯಿದ್ದರೆ ಏಳು ಪಟ್ಟು. ಎಂಜಿನ್ ರಿವರ್ಸ್ ಕೊಟ್ಟು ಲಂಗರು ಕಚ್ಚಿದೆಯಾ ನೋಡಿ, ದಡದ ಎರಡು ಗುರುತು ಹಿಡಿದಿಟ್ಟುಕೊಳ್ಳಿ.

ಜೋಡಿಗಳು ಅತಿ ಹೆಚ್ಚು ಜಗಳ ಆಡುವುದು ಇದೇ ಹೊತ್ತಿನಲ್ಲಿ. ಒಬ್ಬರು ಮೂತಿಯಲ್ಲಿ, ಒಬ್ಬರು ಚುಕ್ಕಾಣಿಯಲ್ಲಿ, ನಡುವೆ ಎಂಜಿನ್ ಸದ್ದು. ಕೂಗಿದ್ದು ಬೈದ ಹಾಗೆ ಕೇಳುತ್ತದೆ. ಕೂಗಾಟ ಬಿಡಿ, ಕೈಸನ್ನೆ ಇಟ್ಟುಕೊಳ್ಳಿ: ಮುಂದೆ, ಹಿಂದೆ, ಎಡ, ಬಲ, ನಿಲ್ಲಿಸು. ಐದೇ ಸಾಕು. ಇನ್ನೊಂದು ಕಟ್ಟುಪಾಡು: ದಿನ ಬಿಟ್ಟು ದಿನ ಕ್ಯಾಪ್ಟನ್ ಬದಲಾಗಲಿ. ಯಾರ ದಿನವೋ ಅವರ ಮಾತೇ ಕೊನೆ, ಟೀಕೆ ಏನಿದ್ದರೂ ಲಂಗರು ಹಾಕಿದ ಮೇಲೆ.

ಊಟಕ್ಕೆ ನಮ್ಮ ಕಡೆಯ ಸಾಮಾನೇ ಚೆನ್ನಾಗಿ ಒದಗುತ್ತದೆ. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಮಂಡ್ಯದ ಬೆಲ್ಲ, ಹುರುಳಿಕಾಳು. ಒಲೆ ಹಚ್ಚದೆ ಹೊಟ್ಟೆ ತುಂಬುವಂಥದ್ದು ಪಯಣದ ದಿನಕ್ಕೆ. ಮುದ್ದೆ ಲಂಗರು ಹಾಕಿದ ಸಂಜೆಗೆ. ತೂಗುವ ದೋಣಿಯಲ್ಲಿ ಮುದ್ದೆ ತಿರುವಲು ಹೊರಟರೆ ಮೊಣಕೈವರೆಗೂ ಸುಟ್ಟುಕೊಳ್ಳುತ್ತೀರಿ. ಮೀನು ತಿನ್ನುವವರಿಗೆ ದಕ್ಕೆಯೇ ಮಾರುಕಟ್ಟೆ.

ವಾಂತಿ ಬಹುತೇಕ ಎಲ್ಲರಿಗೂ ಬರುತ್ತದೆ. ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ಹೊರಡುವ ಮುಂಚೆಯೇ ತಗೊಳ್ಳಿ. ಶುಂಠಿ ಕೈಯಲ್ಲಿರಲಿ, ಕಣ್ಣು ದಿಗಂತದ ಮೇಲಿರಲಿ, ಒಳಗೆ ಹೋಗಿ ಫೋನ್ ನೋಡಬೇಡಿ.

ಹೆಜ್ಜೆ 11: ಮೇ ತಿಂಗಳಲ್ಲಿ ಎತ್ತಿಡುವುದು

ಮಲ್ಪೆ, ಮಂಗಳೂರು ಅಥವಾ ಗೋವಾದ ಯಾರ್ಡಿನಲ್ಲಿ ಜಾಗವನ್ನು ಜನವರಿಯಲ್ಲೇ ಮಾತಾಡಿಡಿ. ಮೇ ಕೊನೆಯಲ್ಲಿ ಮೀನುಗಾರಿಕೆ ಬೋಟುಗಳೂ ದಡ ಸೇರುತ್ತವೆ, ಆಗ ಕೇಳಿದರೆ ಸಿಗುವುದಿಲ್ಲ. ಮೇ ಮೊದಲ ವಾರದಲ್ಲೇ ಎತ್ತಿಸಿ. ತಳದ ಚಿಪ್ಪು, ಪಾಚಿಯನ್ನು ಒದ್ದೆಯಿರುವಾಗಲೇ ಕೆರೆಸಿ, ಒಣಗಿದರೆ ದುಪ್ಪಟ್ಟು ಕೆಲಸ. ಎಂಜಿನ್‌ಗೆ ಸಿಹಿನೀರು ಓಡಿಸಿ ಉಪ್ಪು ತೊಳೆಯಿರಿ, ಆಯಿಲ್ ಬದಲಿಸಿ, ಡೀಸೆಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಬಿಟ್ಟರೆ ತೇವ ಸೇರುತ್ತದೆ. ಮಳೆನೀರು ಹೊರಹೋಗುವ ತೂತುಗಳು ಕಟ್ಟಿಕೊಳ್ಳದ ಹಾಗೆ ನೋಡಿ, ಕರಾವಳಿಯ ಜೂನ್ ಮಳೆ ಒಂದೇ ರಾತ್ರಿಗೆ ದೋಣಿಯನ್ನು ಒಳಗಿನಿಂದ ತುಂಬಿಸಬಲ್ಲದು. ತಿಂಗಳಿಗೊಮ್ಮೆ ನೋಡಿ ಫೋಟೋ ಕಳಿಸಲು ಯಾರ್ಡಿನ ಒಬ್ಬರಿಗೆ ಹಣ ಕೊಟ್ಟು ಒಪ್ಪಿಸಿ.

ಹಾಯಿ, ಹಾಸಿಗೆ, ಲೈಫ್ ಜಾಕೆಟ್, ಬ್ಯಾಟರಿ ಮಾತ್ರ ಅಲ್ಲಿ ಬಿಡಬೇಡಿ. ಕರಾವಳಿಯ ಮಳೆಗಾಲದಲ್ಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗಾಡಿಗೆ ಹಾಕಿಕೊಂಡು ಮಳೆ ಶುರುವಾಗುವ ಮುಂಚೆಯೇ ಘಟ್ಟ ಹತ್ತಿ ಬನ್ನಿ. ಮೈಸೂರಿನ ಒಣ ಹವೆಯಲ್ಲಿ ಅವು ಅಕ್ಟೋಬರ್‌ವರೆಗೆ ಚೆನ್ನಾಗಿರುತ್ತವೆ. ಹಾಯಿ ಹೊಲಿಗೆ ಬಿಟ್ಟಿದ್ದರೆ ಇಲ್ಲಿನ ಟಾರ್ಪಾಲ್ ಹೊಲಿಯುವವರ ಹತ್ತಿರ ಕೊಡಬಹುದು. ಆದರೆ ಹತ್ತಿ ದಾರ ಹಾಕದಂತೆ ಹೇಳಿ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರವನ್ನು ನೀವೇ ಕೊಡಿ.